ಐಡಿಯಾಕ್ಕೆ ಚೆಕ್ಕುಬಂದಿ ಬರೆಯೋರು

'ಮುಚ್ಚಳ ಸ್ವಲ್ಪ ತೆಗೀರಿ, ಒಳಗಿಂದು ಒಂದು ಶಾಟ್ ಬೇಕು.'

ಈ ಮಾತು ಹೇಳಿದ್ದು ನಮ್ಮ ಕ್ಯಾಮೆರಾಮನ್. ಜಾಗ, ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗೋ ರಸ್ತೆ ಬದಿಯ ಒಂದು ವೆಲ್ಡಿಂಗ್ ಶಾಪು. ಮುಚ್ಚಳ ತೆಗೆದವನು ಆ ಶಾಪಿನ ಹುಡುಗ. ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ಟ್ರಾಲಿ, ಕುಂಟೆ, ಗೇಟು ವೆಲ್ಡ್ ಮಾಡಿಕೊಂಡಿದ್ದವನು ಶೇಂಗಾ ಗಿಡದಿಂದ ಕಾಯಿ ಬಿಡಿಸೋ ಒಂದು ಯಂತ್ರ ಕಟ್ಟಿದ್ದ. ಶೇಂಗಾ ಬೆಳೆಯೋರಿಗೆ ಗೊತ್ತು, ಗಿಡ ಕೀಳೋದು ಒಂದು ಕಷ್ಟ ಆದ್ರೆ ಕೂತು ಕಾಯಿ ಬಿಡಿಸೋದು ಹತ್ತು ಕಷ್ಟ. ಆಳು ಸಿಗೋದಿಲ್ಲ, ಸಿಕ್ಕರೂ ಕೂಲಿ ಕೊಟ್ಟು ಪೂರೈಸೋದಿಲ್ಲ. ಈ ಹುಡುಗನ ಯಂತ್ರ ಕಾಯಿ ಒಡೆಯದ ಹಾಗೆ ಬಿಡಿಸ್ತಿತ್ತು. ನಮಗೆ ಇನ್ನೇನು ಬೇಕು? ಎರಡೂವರೆ ನಿಮಿಷದ ಸ್ಟೋರಿ ಮಾಡಿದ್ವಿ, ಹಿಂದೆ ಮ್ಯೂಸಿಕ್ ಹಾಕಿದ್ವಿ, 'ಹಳ್ಳಿ ಹೈದನ ಕಮಾಲ್' ಅಂತ ಹೆಸರಿಟ್ವಿ. ಸ್ಟುಡಿಯೋದಲ್ಲಿ ಕೂತು ಅದನ್ನ ಓದಿದವನು ನಾನೇ.

ಮೂರು ತಿಂಗಳಾದ ಮೇಲೆ ಆ ಹುಡುಗ ಫೋನ್ ಮಾಡಿದ.

'ಸಾರ್, ಟೀವಿಯಾಗ ಬಂದಮ್ಯಾಲೆ ನನ್ ಹಣೆಬರ ಚಲೋ ಆತು ಅಂದ್ಕಂಡಿದ್ದೆ. ಪೇಟೆಂಟ್ ಮಾಡಿಸ್ಬೇಕು ಅಂತ ಬೆಂಗ್ಳೂರಿಗೆ ಬಂದ್ರೆ ಇಲ್ಲಿ ಮೇಡಂ ಹೇಳ್ತಾರೆ, ಟೀವಿಯಾಗ ಬಂದಿದ್ದೇ ತೊಂದ್ರಿ ಅಂತ.'

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ರೆ ನನಗೆ ಸುಲಭ ಆಗ್ತಿತ್ತು.

ವಿಷಯ ಏನು ಅಂದ್ರೆ, ಪೇಟೆಂಟ್ ಸಿಗಬೇಕಾದ್ರೆ ವಸ್ತು ಹೊಸದಾಗಿರಬೇಕು. ಹೊಸದು ಅಂದ್ರೆ ಅರ್ಜಿ ಹಾಕೋ ದಿನದವರೆಗೆ ಜಗತ್ತಿನ ಯಾವ ಮೂಲೆಯಲ್ಲೂ ಅದು ಜನರ ಮುಂದೆ ಬಂದಿರಬಾರದು. ಬೇರೆಯವರು ತೋರಿಸಿದ್ರೂ ಹೋಯ್ತು, ನೀವೇ ತೋರಿಸಿದ್ರೂ ಹೋಯ್ತು. ನಿಮ್ಮ ಒಪ್ಪಿಗೆ ಇಲ್ಲದೆ ಯಾರೋ ಕದ್ದು ಪ್ರಕಟಿಸಿದ್ರೆ ಕಾನೂನು ಒಂದಿಷ್ಟು ರಕ್ಷಣೆ ಕೊಡುತ್ತೆ. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಹೆಸರಿಸಿದ ವಸ್ತುಪ್ರದರ್ಶನದಲ್ಲಿ ಇಟ್ಟಿದ್ರೆ, ವಿದ್ವತ್ ಸಭೆಯಲ್ಲಿ ಪ್ರಬಂಧ ಓದಿದ್ರೆ ಹನ್ನೆರಡು ತಿಂಗಳ ವಿನಾಯಿತಿ ಇದೆ. ಆ ಪಟ್ಟಿಯಲ್ಲಿ ಕೃಷಿಮೇಳದ ಪ್ರತಿ ಸ್ಟಾಲೂ ಬರೋದಿಲ್ಲ, ನಿಮ್ಮ ವಾಟ್ಸಾಪ್ ಸ್ಟೇಟಸ್ಸೂ ಬರೋದಿಲ್ಲ, ನಮ್ಮ ನ್ಯೂಸ್ ಚಾನೆಲ್ಲಂತೂ ಬರೋದೇ ಇಲ್ಲ. ಇಲ್ಲಿ ಹುಡುಗ ತಾನೇ ನಗ್ತಾ ಮುಚ್ಚಳ ತೆಗೆದಿದ್ದಾನೆ. ನಾವದನ್ನ ಇಡೀ ಕರ್ನಾಟಕಕ್ಕೆ ತೋರಿಸಿದ್ದೀವಿ, ಯೂಟ್ಯೂಬಲ್ಲೂ ಹಾಕಿದ್ದೀವಿ, ಅದಕ್ಕೆ ತಾರೀಖು, ಗಂಟೆ, ನಿಮಿಷ ಎಲ್ಲಾ ಇದೆ. ಅವನ ವಿರುದ್ಧ ಸಾಕ್ಷಿ ಬೇಕಾದ್ರೆ ನಮ್ಮ ವಿಡಿಯೋಗಿಂತ ಒಳ್ಳೇ ಸಾಕ್ಷಿ ಸಿಗೋದಿಲ್ಲ.

ನಾನು ಮರುದಿನವೇ ಆ ಮೇಡಂ ಆಫೀಸಿಗೆ ಹೋದೆ. ತಪ್ಪೊಪ್ಪಿಗೆಗೆ ಅಂತ ಹೋದವನು ಮಧ್ಯಾಹ್ನದವರೆಗೆ ಪಾಠ ಕೇಳಿಸಿಕೊಂಡು ಬಂದೆ.

ಅವರು ಪೇಟೆಂಟ್ ಏಜೆಂಟ್. ಹರಪನಹಳ್ಳಿ ಕಡೆಯ ಹೆಣ್ಣುಮಗಳು, ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. ಏಜೆಂಟ್ ಅಂದ ತಕ್ಷಣ ನಮಗೆ ಎಲ್‌ಐಸಿ ಏಜೆಂಟೋ, ಸೈಟ್ ಏಜೆಂಟೋ ನೆನಪಾಗ್ತಾರೆ. ಇದು ಹಾಗಲ್ಲ. ಇದಕ್ಕೆ ನಿಜವಾದ ಹೋಲಿಕೆ ಬೇಕಂದ್ರೆ ಕೂಡ್ಲಿಗಿಯಲ್ಲೋ ಹರಪನಹಳ್ಳಿಯಲ್ಲೋ ಸಬ್ ರಿಜಿಸ್ಟ್ರಾರ್ ಆಫೀಸಿನ ಹತ್ತಿರ ಕೂತಿರ್ತಾರಲ್ಲ, ಪತ್ರ ಬರೆಯೋರು, ಅವರನ್ನ ನೋಡಿ. ಹೊಲ ನಿಮ್ಮದು, ದುಡ್ಡು ನಿಮ್ಮದು. ಆದ್ರೆ ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಇಂಥವರ ಹೊಲ ಅಂತ ಚೆಕ್ಕುಬಂದಿ ಸರಿಯಾಗಿ ಬೀಳದಿದ್ರೆ, ನಾಳೆ ಪಕ್ಕದವನು ಬದು ಒತ್ತಿದ ದಿನ ನಿಮ್ಮ ಪತ್ರ ಬರೀ ಕಾಗದ. ಪೇಟೆಂಟ್ ಏಜೆಂಟ್ ಐಡಿಯಾಕ್ಕೆ ಚೆಕ್ಕುಬಂದಿ ಬರೀತಾರೆ. ಅವರ ಭಾಷೆಯಲ್ಲಿ ಅದಕ್ಕೆ ಕ್ಲೇಮ್ ಅಂತ ಹೆಸರು. ಹೊಲವಾದ್ರೆ ಕಾಲಡಿ ಇರುತ್ತೆ, ಸರ್ವೇಯರ್ ಬಂದು ಅಳೀಬಹುದು. ಐಡಿಯಾಕ್ಕೆ ಆ ಬರೆದ ನಾಲ್ಕು ಸಾಲು ಬಿಟ್ರೆ ಬೇರೆ ನೆಲವೇ ಇಲ್ಲ.

'ನಿಮ್ಮ ಹುಡುಗ ಬಂದು ಮೊದಲು ಏನಂದ ಗೊತ್ತಾ ಸಾರ್? ರಬ್ಬರ್ ಪಟ್ಟಿ ಹಾಕಿದ ಡ್ರಮ್ಮು ನಂದೇ ಐಡಿಯಾ ಅಂದ. ನಾನು ಹುಡುಕಿ ನೋಡಿದೆ. ರಬ್ಬರ್ ಪಟ್ಟಿಯ ಡ್ರಮ್ಮು ಹೊಸದಲ್ಲ. ಇವನು ಹುಟ್ಟೋದಕ್ಕೂ ಮೊದಲೇ ಬೇರೆ ದೇಶಗಳಲ್ಲಿ ಇದೆ.'

ಹಾಗಾದ್ರೆ ಮುಗೀತಾ? ಮುಗೀಲಿಲ್ಲ. ಮೇಡಂ ಅವನ ಕೈಲಿ ಯಂತ್ರದ ಒಂದೊಂದೇ ಭಾಗ ಬಿಡಿಸಿ ಹೇಳಿಸಿದ್ರು. ಗಿಡದ ಕಟ್ಟು ದಪ್ಪ ಬಂದಾಗ ಏನಾಗುತ್ತೆ? 'ತಳದ ಜಾಲ್ರಿ ತಾನೇ ತಗ್ಗತೈತ್ರಿ ಮೇಡಂ.' ಹೇಗೆ ತಗ್ಗುತ್ತೆ? 'ಕೆಳಗ ಸ್ಪ್ರಿಂಗ್ ಹಾಕೀನ್ರಿ. ಅದೇನ್ ಬಿಡ್ರಿ, ಹಳೇ ಬೈಕಿಂದು.' ಸ್ಪ್ರಿಂಗ್ ತೆಗೆದು ಓಡಿಸಿದ್ರೆ? 'ಕಾಯಿ ಒಡೀತಾವ್ರಿ.'

ಅಷ್ಟೇ. ಅವನ ಆವಿಷ್ಕಾರ ಇದ್ದದ್ದು ಅಲ್ಲಿ, ಅವನೇ 'ಅದೇನ್ ಬಿಡ್ರಿ' ಅಂದ ಜಾಗದಲ್ಲಿ. ಮಾಡಿದವನಿಗೆ ತಾನು ಏನು ಮಾಡಿದ್ದೀನಿ ಅನ್ನೋದು ಎಷ್ಟೋ ಸಲ ಗೊತ್ತಿರೋದಿಲ್ಲ. ಬೆವರು ಹೆಚ್ಚು ಸುರಿಸಿದ ಭಾಗವೇ ದೊಡ್ಡದು ಅನ್ನಿಸಿರುತ್ತೆ. ಇದನ್ನ ಕೇಳಿ ಕೇಳಿ ಹೊರಗೆ ತೆಗೆಯೋದೇ ಏಜೆಂಟ್ ಕೆಲಸದ ಅರ್ಧ.

ಇನ್ನರ್ಧ ಬರೆಯೋದು. 'ಆರು ರಬ್ಬರ್ ಪಟ್ಟಿ, ನಾಲ್ಕು ಬೈಕ್ ಸ್ಪ್ರಿಂಗ್' ಅಂತ ಇದ್ದದ್ದು ಇದ್ದ ಹಾಗೇ ಬರೆದ್ರೆ, ನಾಳೆ ಯಾವನೋ ಏಳು ಪಟ್ಟಿ ಹಾಕಿ, ಸ್ಪ್ರಿಂಗ್ ಬದಲು ರಬ್ಬರ್ ಬುಷ್ ಇಟ್ಟು 'ಇದು ಬೇರೆ ಯಂತ್ರ' ಅಂತಾನೆ. ಹಾಗಂತ 'ಗಿಡದಿಂದ ಕಾಯಿ ಬಿಡಿಸುವ ಯಾವುದೇ ಯಂತ್ರ' ಅಂತ ಬರೆದ್ರೆ ಪರೀಕ್ಷಕರು ಹಳೇ ಯಂತ್ರಗಳ ಪಟ್ಟಿ ಇಟ್ಟು ಅರ್ಜಿ ವಾಪಸ್ ಮಾಡ್ತಾರೆ. ಬದು ಸರ್ಕಾರಿ ಹಳ್ಳಕ್ಕೂ ಹೋಗಬಾರದು, ಒಳಗೂ ಸರಿಯಬಾರದು. ಇದೆಲ್ಲಾ ಬರೀಬೇಕಾದ್ದು ಇಂಗ್ಲಿಷಲ್ಲಿ, ಇಲ್ಲ ಹಿಂದಿಯಲ್ಲಿ. ಪೇಟೆಂಟ್ ಕಚೇರಿ ಕನ್ನಡದ ಅರ್ಜಿ ತಗೊಳ್ಳೋದಿಲ್ಲ. 'ತಳದ ಜಾಲ್ರಿ ತಾನೇ ತಗ್ಗತೈತಿ' ಅನ್ನೋ ಮೂರು ನಾಲ್ಕು ಪದ ಮೇಡಂ ಕೈಲಿ ಎರಡು ಪುಟ ಇಂಗ್ಲಿಷಾಗಿತ್ತು. ನಾನು ಓದಿದೆ, ನನಗೇ ಅರ್ಧ ಅರ್ಥವಾಗಲಿಲ್ಲ. ಹುಡುಗನಿಗೆ ಅವರು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿ, ಅವನು 'ಹೌದ್ರಿ' ಅಂದ ಮೇಲೇ ಸಹಿ ಹಾಕಿಸಿದ್ದು. ಕೂರಿಗೆ ಬಟ್ಟಲು ಅಂದ್ರೆ ಏನು, ಎಡೆಕುಂಟೆ ಯಾಕೆ ಹೊಡೀತಾರೆ ಅಂತ ಗೊತ್ತಿರೋ ಏಜೆಂಟ್ ಸಿಕ್ಕಿದ್ದು ಅವನ ಪುಣ್ಯ.

ಈ ವೃತ್ತಿ ನಮ್ಮ ದೇಶದಲ್ಲಿ ಶುರುವಾದ ಕಥೆ ಸ್ವಾರಸ್ಯವಾಗಿದೆ. 1856ರಲ್ಲಿ ಬ್ರಿಟಿಷರ ಕಾಲದಲ್ಲಿ ಮೊದಲ ಪೇಟೆಂಟ್ ಕಾಯ್ದೆ ಬಂತು. ಆ ವರ್ಷ ಮಾರ್ಚ್ 3ರಂದು ಕಲ್ಕತ್ತೆಯ ಸಿವಿಲ್ ಎಂಜಿನಿಯರ್ ಜಾರ್ಜ್ ಆಲ್ಫ್ರೆಡ್ ಡಿಪೆನಿಂಗ್ ಮೊದಲ ಅರ್ಜಿ ಹಾಕಿದ್ರು. ಯಾವುದಕ್ಕೆ ಗೊತ್ತಾ? ಪಂಖಾ ಎಳೆಯೋ ಯಂತ್ರಕ್ಕೆ. ಸಾಹೇಬರ ತಲೆ ಮೇಲೆ ಬಟ್ಟೆಯ ಪಂಖಾ ಎಳೀತಾ ಕೂರೋ ಆಳಿನ ಬದಲಿಗೆ ಒಂದು ಯಂತ್ರ. ಆ ಮನುಷ್ಯ ತನ್ನ ಅರ್ಜಿಗೆ ನಿಲ್ಲಲಿಲ್ಲ, ಬೇರೆಯವರ ಅರ್ಜಿ ನೋಡಿಕೊಳ್ಳೋ ಕಚೇರಿಯನ್ನೇ ಕಟ್ಟಿದ. ಅದೇ ಹೆಸರಿನ ಸಂಸ್ಥೆ ಚೆನ್ನೈನಲ್ಲಿ ಇವತ್ತಿಗೂ ಕೆಲಸ ಮಾಡ್ತಿದೆ. ಆಳು ಸಿಗದ ಶೇಂಗಾ ಹೊಲಕ್ಕೂ ಆಳನ್ನ ಬಿಡಿಸಿದ ಪಂಖಾಕ್ಕೂ ನೂರಾ ಎಪ್ಪತ್ತು ವರ್ಷದ ಅಂತರ. ಇರಲಿ.

ಈಗ ನಮ್ಮಲ್ಲಿರೋದು 1970ರ ಪೇಟೆಂಟ್ ಕಾಯ್ದೆ. ಏಜೆಂಟ್ ಯಾರಾಗಬಹುದು ಅಂತ ಅದರ 126ನೇ ಸೆಕ್ಷನ್ ಹೇಳುತ್ತೆ. ಭಾರತದ ಪ್ರಜೆಯಾಗಿರಬೇಕು, 21 ವರ್ಷ ತುಂಬಿರಬೇಕು, ವಿಜ್ಞಾನ ಅಥವಾ ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದಲ್ಲಿ ಪದವಿ ಇರಬೇಕು, ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಗಮನಿಸಿ, ಎಲ್‌ಎಲ್‌ಬಿ ಬೇಕಾಗಿಲ್ಲ. ಹಡಗಲಿಯ ಡಿಗ್ರಿ ಕಾಲೇಜಿನಲ್ಲಿ ಬಿಎಸ್ಸಿ ಮಾಡಿದ ಹುಡುಗಿಯೂ ಬರೀಬಹುದು. ನೂರು ನೂರು ಅಂಕದ ಎರಡು ಪೇಪರ್, ಐವತ್ತು ಅಂಕದ ಮೌಖಿಕ. ಮೊದಲ ಪೇಪರ್ ಕಾಯ್ದೆ, ನಿಯಮ. ಎರಡನೇದು ಬರವಣಿಗೆ: ಒಂದು ಆವಿಷ್ಕಾರದ ವಿವರ ಕೊಡ್ತಾರೆ, ಅದಕ್ಕೆ ಕ್ಲೇಮ್ ಬರೀಬೇಕು. ಪ್ರತಿ ಪೇಪರಲ್ಲಿ 50 ಪರ್ಸೆಂಟ್, ಒಟ್ಟಾರೆ 60 ಪರ್ಸೆಂಟ್ ಬಂದ್ರೆ ಪಾಸು. ವರ್ಷಕ್ಕೊಂದು ಪರೀಕ್ಷೆ ನಡದೇ ನಡೆಯುತ್ತೆ ಅಂತ ಮಾತ್ರ ನಂಬಿಕೊಂಡು ಕೂರಬೇಡಿ. ಒಂದಕ್ಕೂ ಇನ್ನೊಂದಕ್ಕೂ ನಡುವೆ ವರ್ಷಗಳೇ ಹೋಗಿದ್ದುಂಟು.

ಇನ್ನೊಂದು ದಾರಿಯೂ ಇದೆ. ಪೇಟೆಂಟ್ ಕಚೇರಿಯಲ್ಲೇ ಪರೀಕ್ಷಕರಾಗಿ ಸೇರೋದು. ಅದು ಕೇಂದ್ರದ ಗ್ರೂಪ್ ಎ ಗೆಜೆಟೆಡ್ ಹುದ್ದೆ. ಅಲ್ಲಿ ಹತ್ತು ವರ್ಷ ಕೆಲಸ ಮಾಡಿ ಹೊರಗೆ ಬಂದವರಿಗೆ ಏಜೆಂಟ್ ಆಗೋಕೆ ಪರೀಕ್ಷೆ ಬೇಡ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಮೂರು ನಾಲ್ಕು ಹೆಸರು ಬಿಟ್ಟು ಬೇರೆ ಪರೀಕ್ಷೆಯೇ ಇಲ್ಲ ಅನ್ನೋ ಹಾಗೆ ಧಾರವಾಡದಲ್ಲಿ ರೂಮು ಮಾಡಿಕೊಂಡಿರೋ ನಮ್ಮ ಹುಡುಗರಿಗೆ ಇದನ್ನ ಹೇಳೋರು ಕಮ್ಮಿ.

ಮೇಡಂ ಮೊದಲ ಸಲ ಫೇಲಾಗಿದ್ರು. ಎರಡನೇ ಪೇಪರಲ್ಲಿ. 'ಎಂಜಿನಿಯರ್ ಬುದ್ಧಿ ಸಾರ್. ಚಿತ್ರದಲ್ಲಿ ಎಷ್ಟು ಬೋಲ್ಟ್ ಇದೆಯೋ ಅಷ್ಟನ್ನೂ ಕ್ಲೇಮಲ್ಲಿ ಬರೆದಿದ್ದೆ' ಅಂತ ನಕ್ರು. ಆಮೇಲೆ ಎರಡು ವರ್ಷ ಬೆಂಗಳೂರಿನ ಒಂದು ಕಚೇರಿಯಲ್ಲಿ ಬರೀ ಹುಡುಕೋ ಕೆಲಸ. ಯಾರೋ ಒಂದು ಐಡಿಯಾ ತರ್ತಾರೆ, ಅದು ಜಪಾನಲ್ಲೋ ಜರ್ಮನಿಯಲ್ಲೋ ಈಗಾಗಲೇ ಇದೆಯಾ ಅಂತ ದಿನವಿಡೀ ಜಾಲಾಡೋದು. ಬೇಜಾರಿನ ಕೆಲಸ ಅಂದ್ಕೊಂಡಿದ್ದೆ, ಎಲ್ಲಾ ಕಲಿತದ್ದು ಅಲ್ಲೇ ಅಂದ್ರು. ಎರಡನೇ ಪ್ರಯತ್ನದಲ್ಲಿ ಪಾಸಾಗಿ ರಿಜಿಸ್ಟರಲ್ಲಿ ಹೆಸರು ಸೇರಿತು. ಈಗ ಸ್ವಂತ ಆಫೀಸು, ಕೈಕೆಳಗೆ ಇಬ್ಬರು.

ಅವರ ದಿನ ಹೇಗಿರುತ್ತೆ? ಅರ್ಜಿ ಹಾಕಿದ ಮೇಲೆ 18 ತಿಂಗಳಿಗೆ ಅದು ಪೇಟೆಂಟ್ ಜರ್ನಲಲ್ಲಿ ಪ್ರಕಟವಾಗುತ್ತೆ. ಪರೀಕ್ಷೆ ಮಾಡಿ ಅಂತ ಪ್ರತ್ಯೇಕ ಅರ್ಜಿ ಕೊಡಬೇಕು. ಅದಕ್ಕೆ ಮೊದಲು 48 ತಿಂಗಳು ಟೈಮಿತ್ತು, 2024ರ ತಿದ್ದುಪಡಿಯಿಂದ 31ಕ್ಕೆ ಇಳಿದಿದೆ. ಆಮೇಲೆ ಪರೀಕ್ಷಕರ ವರದಿ ಬರುತ್ತೆ, 'ಇದು ಹಳೇದು, ಇದು ಸ್ಪಷ್ಟವಿಲ್ಲ, ಇದು ಆವಿಷ್ಕಾರವೇ ಅಲ್ಲ' ಅಂತ ಆಕ್ಷೇಪಗಳ ಪಟ್ಟಿ. ಆರು ತಿಂಗಳೊಳಗೆ ಉತ್ತರ ಕೊಡಬೇಕು. ವಿಚಾರಣೆಗೆ ಕರೆದ್ರೆ ಹೋಗಿ ವಾದಿಸಬೇಕು. ಕರ್ನಾಟಕದ ಪೇಟೆಂಟ್ ಅರ್ಜಿ ಹೋಗೋದು ಚೆನ್ನೈ ಕಚೇರಿಗೆ. ಆದ್ರೆ ಈಗ ಅರ್ಜಿ ಆನ್‌ಲೈನ್, ವಿಚಾರಣೆ ವಿಡಿಯೋದಲ್ಲಿ. ಗಡುವು ಒಂದು ದಿನ ತಪ್ಪಿದ್ರೂ ಕಕ್ಷಿದಾರನ ವರ್ಷಗಳ ಕೆಲಸ ನೀರುಪಾಲು. ಮೇಡಂ ಗೋಡೆ ಮೇಲೆ ದೇವರ ಫೋಟೋಗಿಂತ ದೊಡ್ಡದಾಗಿ ಕ್ಯಾಲೆಂಡರ್ ಇದೆ.

ಇದೇ ಪರೀಕ್ಷೆ ಪಾಸಾದವರು ವಿನ್ಯಾಸದ ಅರ್ಜಿಯನ್ನೂ ನೋಡಿಕೊಳ್ಳಬಹುದು. 2000ದ ಡಿಸೈನ್ಸ್ ಕಾಯ್ದೆ ಹಾಗೆ ಅವಕಾಶ ಕೊಟ್ಟಿದೆ. ಪೇಟೆಂಟ್ ಅಂದ್ರೆ ವಸ್ತು ಹೇಗೆ ಕೆಲಸ ಮಾಡುತ್ತೆ ಅನ್ನೋದು. ಡಿಸೈನ್ ಅಂದ್ರೆ ಕಣ್ಣಿಗೆ ಹೇಗೆ ಕಾಣುತ್ತೆ ಅನ್ನೋದು: ಕೊಡದ ಆಕಾರ, ಚಪ್ಪಲಿಯ ಮೈ, ಸೀರೆಯ ಮೇಲಿನ ಚಿತ್ತಾರ. ಇದರ ಅರ್ಜಿ ನೋಡೋದು ಕೋಲ್ಕತ್ತಾ ಕಚೇರಿ. ಹತ್ತು ವರ್ಷ, ಬೇಕಾದ್ರೆ ಇನ್ನೈದು ವರ್ಷ ರಕ್ಷಣೆ. ಇಲ್ಲೂ ಅದೇ ಶರತ್ತು, ಮೊದಲು ತೋರಿಸಿದ್ರೆ ಕೆಟ್ಟಿತು. ತೂತು ತೂತಿನ ಕ್ರಾಕ್ಸ್ ಚಪ್ಪಲಿ ನೋಡಿದ್ದೀರಲ್ಲ? ನಮ್ಮ ಡಿಸೈನ್ ನಕಲು ಮಾಡಿದ್ದಾರೆ ಅಂತ ಆ ಅಮೆರಿಕನ್ ಕಂಪನಿ ಭಾರತದ ಚಪ್ಪಲಿ ಕಂಪನಿಗಳ ಮೇಲೆ ಕೇಸ್ ಹಾಕಿತ್ತು. 2018ರಲ್ಲಿ ದೆಹಲಿ ಹೈಕೋರ್ಟ್ ಮಧ್ಯಂತರ ತಡೆಯಾಜ್ಞೆ ಕೊಡಲಿಲ್ಲ. ನೋಂದಣಿಗೂ ಮೊದಲೇ ಅಂಥ ಚಪ್ಪಲಿ ವೆಬ್‌ಸೈಟಲ್ಲಿ ಪ್ರಕಟವಾಗಿತ್ತು ಅನ್ನೋದು ಮುಖ್ಯ ಕಾರಣಗಳಲ್ಲೊಂದು. ಕೋಟಿ ಕೋಟಿಯ ಕಂಪನಿಗೂ ಅದೇ ಪೆಟ್ಟು, ಕೊಟ್ಟೂರು ರಸ್ತೆಯ ಹುಡುಗನಿಗೂ ಅದೇ ಪೆಟ್ಟು.

ಹೊಸಪೇಟೆ ಒಂದು ಬಿಟ್ರೆ ವಿಜಯನಗರ ಜಿಲ್ಲೆ ಅಂದ್ರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. 2021ರಲ್ಲಿ ಜಿಲ್ಲೆಯಾಯ್ತು. ಈ ಐದೂ ಊರಲ್ಲಿ ನಾನು ಚುನಾವಣೆ ಅಂತ, ಬರ ಅಂತ, ಮೈಲಾರದ ಕಾರಣಿಕ ಅಂತ ಓಡಾಡಿದ್ದೀನಿ. ಬಾಂಡ್ ರೈಟರ್ ಬೋರ್ಡು, ನೋಟರಿ ಬೋರ್ಡು ಬೇಕಾದಷ್ಟು ಕಂಡಿದ್ದೀನಿ. ಪೇಟೆಂಟ್ ಏಜೆಂಟ್ ಅನ್ನೋ ಬೋರ್ಡು ನನ್ನ ಕಣ್ಣಿಗೆ ಬಿದ್ದಿಲ್ಲ. ಹಾಗಂತ ಅಲ್ಲಿ ತಲೆ ಇಲ್ಲವಾ? ಮಳೆ ಕೈಕೊಡೋ ಸೀಮೆಯಲ್ಲಿ ಕೈ ಸುಮ್ಮನಿರೋದಿಲ್ಲ. ಬೈಕಿನ ಚಕ್ರದಲ್ಲಿ ಎಡೆಕುಂಟೆ ಮಾಡೋರು, ಹಳೇ ಮೋಟಾರಲ್ಲಿ ಮೇವು ಕತ್ತರಿಸೋ ಯಂತ್ರ ಮಾಡೋರು ಯಾವ ಗ್ಯಾರೇಜಿಗೆ ಹೋದ್ರೂ ಸಿಗ್ತಾರೆ.

ಬೌದ್ಧಿಕ ಆಸ್ತಿ ಅನ್ನೋದು ಈ ಸೀಮೆಗೆ ಹೊಸದೂ ಅಲ್ಲ. ಹಡಗಲಿ ಮಲ್ಲಿಗೆಗೆ ಜಿಐ ಟ್ಯಾಗ್ ಇದೆ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ ಜೊತೆಗೆ ಬಂದದ್ದು, ರಾಜ್ಯ ತೋಟಗಾರಿಕೆ ಇಲಾಖೆ ಅರ್ಜಿ ಹಾಕಿ ಮಾಡಿಸಿದ್ದು. ಹೂವಿನ ಹಡಗಲಿಯವರು ಇದನ್ನ ಹೆಮ್ಮೆಯಿಂದ 'ನಮ್ಮ ಮಲ್ಲಿಗೆಗೆ ಪೇಟೆಂಟ್ ಐತಿ' ಅಂತಾರೆ. ಅಲ್ಲ. ಜಿಐ ಒಬ್ಬರದ್ದಲ್ಲ, ಆ ನೆಲದಲ್ಲಿ ಬೆಳೆಯೋ ಎಲ್ಲರದ್ದು. ಬೇರೆ ಊರಿನ ಹೂವನ್ನ ಹಡಗಲಿ ಮಲ್ಲಿಗೆ ಅಂತ ಮಾರಬಾರದು, ಅಷ್ಟೇ ಅದರ ಅರ್ಥ. ಅದನ್ನ ಹತ್ತು ಹತ್ತು ವರ್ಷಕ್ಕೆ ನವೀಕರಿಸ್ತಾ ಹೋಗಬಹುದು. ಬೆಳೆಗಾರರು ಅಧಿಕೃತ ಬಳಕೆದಾರರು ಅಂತ ತಾವೂ ನೋಂದಾಯಿಸಿಕೊಳ್ಳಬೇಕು. ಪೇಟೆಂಟ್ ಒಬ್ಬರ ಅಥವಾ ಒಂದು ಕಂಪನಿಯ ಆಸ್ತಿ, 20 ವರ್ಷ ಆದ ಮೇಲೆ ಊರಿನ ಆಸ್ತಿ.

ಹಾಗೆ ನೋಡಿದ್ರೆ ಮೇಡಂ ಕೆಲಸದಲ್ಲಿ ಅತಿ ಕಷ್ಟದ್ದು 'ಆಗೋದಿಲ್ಲ' ಅನ್ನೋದಂತೆ. ಹಗರಿಬೊಮ್ಮನಹಳ್ಳಿ ಕಡೆಯ ದಾಳಿಂಬೆ ಬೆಳೆಗಾರರೊಬ್ಬರು ಬಂದಿದ್ರು, ಗಿಡ ಸವರೋ ಒಂದು ಹೊಸ ಕ್ರಮ ಕಂಡುಕೊಂಡಿದ್ರು, ಫಸಲೂ ಚೆನ್ನಾಗಿ ಬಂದಿತ್ತು. ಆದ್ರೆ ನಮ್ಮ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಬೇಸಾಯದ, ತೋಟಗಾರಿಕೆಯ ವಿಧಾನಕ್ಕೆ ಪೇಟೆಂಟ್ ಇಲ್ಲ. ಗಿಡಕ್ಕೆ, ಬೀಜಕ್ಕೆ, ತಳಿಗೆ ಇಲ್ಲ. ತಳಿಗೆ 2001ರ ಬೇರೆ ಕಾಯ್ದೆ ಇದೆ, ರೈತರು ಅಲ್ಲಿ ತಮ್ಮ ತಳಿ ನೋಂದಾಯಿಸಬಹುದು. ಅಜ್ಜಿಯ ಕಾಲದಿಂದ ಬಂದ ಕಷಾಯಕ್ಕೆ ಇಲ್ಲ, ಸಾಂಪ್ರದಾಯಿಕ ಜ್ಞಾನ ಆವಿಷ್ಕಾರವಲ್ಲ. ಇದು ನಮಗೆ ಒಳ್ಳೇದೇ. 1995ರಲ್ಲಿ ಅಮೆರಿಕದಲ್ಲಿ ಗಾಯಕ್ಕೆ ಅರಿಶಿನ ಹಚ್ಚೋದಕ್ಕೆ ಪೇಟೆಂಟ್ ಕೊಟ್ಟುಬಿಟ್ಟಿದ್ರು. ನಮ್ಮ ಸಿಎಸ್‌ಐಆರ್ ಹಳೇ ಗ್ರಂಥಗಳ ದಾಖಲೆ ಇಟ್ಟು ಹೋರಾಡಿ 1997ರಲ್ಲಿ ಅದನ್ನ ರದ್ದು ಮಾಡಿಸಿತು. 'ಮೊದಲೇ ಗೊತ್ತಿದ್ದದ್ದು ಹೊಸದಲ್ಲ' ಅನ್ನೋ ನಿಯಮ ಅವತ್ತು ನಮ್ಮ ಅರಿಶಿನ ಉಳಿಸಿತ್ತು. ಅದೇ ನಿಯಮ ಇವತ್ತು ಈ ಹುಡುಗನ ಕುತ್ತಿಗೆಗೆ ಬಂದಿತ್ತು.

ಆ ದಾಳಿಂಬೆಯವರು ಸಿಟ್ಟು ಮಾಡಿಕೊಂಡು ಹೋದ್ರಂತೆ. ಅವರಿಂದ ಫೀಸು ತಗೊಂಡು ಅರ್ಜಿ ಹಾಕಿ, ಎರಡು ವರ್ಷದ ಮೇಲೆ ತಿರಸ್ಕಾರ ಆಯ್ತು ಅಂತ ಹೇಳೋದು ಸುಲಭವಿತ್ತು. ಹಾಗೆ ಮಾಡೋರೂ ಇದ್ದಾರೆ. 'ಅರ್ಜಿ ಸಲ್ಲಿಸಲಾಗಿದೆ' ಅನ್ನೋ ಕಾಗದವನ್ನೇ ಫ್ರೇಮ್ ಹಾಕಿಸಿ ಪೇಟೆಂಟ್ ಬಂತು ಅಂತ ಸನ್ಮಾನ ಮಾಡಿಸಿಕೊಂಡವರನ್ನ ನಾವೇ ಟೀವಿಯಲ್ಲಿ ತೋರಿಸಿದ್ದೀವಿ ಅಂತ ಮೇಡಂ ನೆನಪಿಸಿದ್ರು. ನಾನು ಮಾತಾಡಲಿಲ್ಲ.

ದುಡ್ಡಿನ ಮಾತು. ಒಬ್ಬ ವ್ಯಕ್ತಿ ಆನ್‌ಲೈನಲ್ಲಿ ಅರ್ಜಿ ಹಾಕೋಕೆ ಸರ್ಕಾರಿ ಶುಲ್ಕ 1,600 ರೂಪಾಯಿ. ಪರೀಕ್ಷೆಗೆ 4,000. ದೊಡ್ಡ ಕಂಪನಿಗಳಿಗೆ ಇದೇ 8,000 ಮತ್ತು 20,000. ಪೇಟೆಂಟ್ ಸಿಕ್ಕ ಮೇಲೆ ಉಳಿಸಿಕೊಳ್ಳೋಕೆ ಮೂರನೇ ವರ್ಷದಿಂದ ಲೆಕ್ಕ ಹಾಕಿ ವರ್ಷಕ್ಕಿಷ್ಟು ಅಂತ ಕಟ್ಟಬೇಕು. ವ್ಯಕ್ತಿಗಳಿಗೆ 800ರಿಂದ ಶುರುವಾಗಿ ಕೊನೇ ವರ್ಷಗಳಲ್ಲಿ 8,000ಕ್ಕೆ ಏರುತ್ತೆ. ಏಜೆಂಟ್ ಫೀಸು ಬೇರೆ, ಅದು ಆಳಿನಿಂದ ಆಳಿಗೆ ಬೇರೆ. ಏಜೆಂಟ್ ಇಲ್ಲದೆ ನೀವೇ ಹಾಕೋಕೂ ಅಡ್ಡಿಯಿಲ್ಲ. ಆದ್ರೆ ನಿಮ್ಮ ಹೊಲದ ಪತ್ರವನ್ನ ನೀವೇ ಬರ್ಕೊಳ್ತೀರಾ?

ಪೇಟೆಂಟ್ ಬಂದ್ರೆ ಸರ್ಕಾರ ದುಡ್ಡು ಕೊಡುತ್ತೆ ಅಂತ ಬಹಳ ಜನ ತಿಳಿದಿದ್ದಾರೆ. ಒಂದು ಪೈಸೆ ಕೊಡೋದಿಲ್ಲ. ಬೇರೆಯವರು ನಿಮ್ಮ ಅಪ್ಪಣೆ ಇಲ್ಲದೆ ಮಾಡಿ ಮಾರೋದನ್ನ ತಡೆಯೋ ಹಕ್ಕು ಕೊಡುತ್ತೆ. ತಡೆಯೋ ಖರ್ಚು ನಿಮ್ಮದೇ. ಆ ದಾವೆ ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ಹಾಕೋಕೆ ಬರೋದಿಲ್ಲ, ಅಲ್ಲಿ ಏಜೆಂಟ್ ವಾದಿಸೋ ಹಾಗಿಲ್ಲ, ವಕೀಲರು ಬೇಕು. ಒಂದು ಲುಧಿಯಾನದ್ದೋ ರಾಜಕೋಟ್‌ದ್ದೋ ಕಂಪನಿ ನಕಲು ಮಾಡಿದ್ರೆ ವೆಲ್ಡಿಂಗ್ ಶಾಪಿನವನು ಎಷ್ಟು ದಿನ ಕೋರ್ಟು ಅಲೀತಾನೆ? ಈ ಪ್ರಶ್ನೆ ಕೇಳಿದೆ. ಮೇಡಂ ಉತ್ತರ ನೇರವಾಗಿತ್ತು: 'ಕೋರ್ಟಿಗೆ ಹೋಗೋಕೆ ಅಂತಲ್ಲ ಸಾರ್. ಆ ಕಂಪನಿಯವರು ಯಂತ್ರ ಕೊಂಡ್ಕೊಳ್ಳೋಕೆ ಬಂದಾಗ ಟೇಬಲ್ ಮೇಲೆ ಇಡೋಕೆ ಇವನ ಹತ್ರ ಏನಾದ್ರೂ ಇರಬೇಕಲ್ಲ.' ಪೂರ್ತಿ ಸಮಾಧಾನ ನನಗಾಗಲಿಲ್ಲ. ಆದ್ರೆ ಖಾಲಿ ಕೈಗಿಂತ ಮೇಲು ಅನ್ನೋದನ್ನ ಒಪ್ಪಿದೆ.

2023-24ರಲ್ಲಿ ನಮ್ಮ ದೇಶದಲ್ಲಿ 92,168 ಪೇಟೆಂಟ್ ಅರ್ಜಿ ಬಿದ್ದಿವೆ, 1,03,057 ಪೇಟೆಂಟ್ ಕೊಟ್ಟಿದ್ದಾರೆ. ಹಳೇ ಬಾಕಿ ವಿಲೇವಾರಿ ಆಗಿದ್ದರಿಂದ ಕೊಟ್ಟದ್ದೇ ಹೆಚ್ಚು. ಇದರಲ್ಲಿ ಹಳ್ಳಿ ಗ್ಯಾರೇಜಿನ ಪಾಲೆಷ್ಟು ಅಂತ ಯೋಚಿಸಿ. ದುಡ್ಡಿಲ್ಲದವರಿಗೆ ದಾರಿ ಇಲ್ಲ ಅಂತೇನಿಲ್ಲ. ಗುಜರಾತಿನ ಗಾಂಧಿನಗರದಲ್ಲಿರೋ ನ್ಯಾಷನಲ್ ಇನ್ನೊವೇಷನ್ ಫೌಂಡೇಶನ್ ಹಳ್ಳಿಯ ಆವಿಷ್ಕಾರಕರ ಪರವಾಗಿ ಪೇಟೆಂಟ್ ಅರ್ಜಿ ಹಾಕಿಸುತ್ತೆ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಗೊತ್ತಲ್ಲ, ಹುಣಸೆ ಬೀಜ ಬಿಡಿಸೋ ಯಂತ್ರ, ಬಿತ್ತನೆ ಕೂರಿಗೆ ಮಾಡಿದವರು? ಅವರನ್ನ ದೊಡ್ಡ ಮಟ್ಟದಲ್ಲಿ ಗುರುತಿಸಿದ್ದು ಇದೇ ಸಂಸ್ಥೆ. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರವಿದೆ. ಸ್ಟಾರ್ಟಪ್ ಅಂತ ನೋಂದಾಯಿಸಿಕೊಂಡ್ರೆ ಏಜೆಂಟ್ ಫೀಸನ್ನ ಕೇಂದ್ರ ಸರ್ಕಾರವೇ ಕೊಡೋ ಯೋಜನೆಯೂ ಇದೆ. ಅರ್ಜಿದಾರರು ಮಹಿಳೆಯಾಗಿದ್ರೆ 2019ರಿಂದ ಬೇಗ ಪರೀಕ್ಷೆ ಮಾಡಿಸಿಕೊಳ್ಳೋ ಅವಕಾಶ ಇದೆ.

'ನೀವೇ ಹರಪನಹಳ್ಳಿಯಲ್ಲಿ ಆಫೀಸು ಮಾಡಬಹುದಲ್ಲ, ಎಲ್ಲಾ ಆನ್‌ಲೈನ್ ಅಂತೀರಿ' ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ರು. 'ನನ್ನ ಬಾಡಿಗೆ ಕಟ್ಟೋದು ಔಷಧಿ ಕಂಪನಿ, ಎಲೆಕ್ಟ್ರಾನಿಕ್ಸ್ ಕಂಪನಿ ಸಾರ್. ಶೇಂಗಾ ಯಂತ್ರ ಅಲ್ಲ. ಅಪ್ಪಾಜಿಯೂ ಇದನ್ನೇ ಕೇಳ್ತಾರೆ. ತಿಂಗಳಿಗೆ ಎರಡು ದಿನ ಬರ್ತೀನಿ ಅಂದಿದ್ದೀನಿ, ಇನ್ನೂ ಹೋಗಿಲ್ಲ.'

ಇನ್ನು ಹುಡುಗನ ಕಥೆ. ಮೇಡಂ ನಮ್ಮ ಸ್ಟೋರಿಯನ್ನ ಕಂಪ್ಯೂಟರಲ್ಲಿ ಹಾಕಿ, ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡಿದ್ರು. ಪಕ್ಕದಲ್ಲಿ ಹುಡುಗ, ಹಿಂದೆ ನಾನು. ಕಳ್ಳನ ಸಿಸಿಟಿವಿ ನೋಡೋ ಹಾಗೆ. ಮುಚ್ಚಳ ತೆಗೆದದ್ದು ಹನ್ನೊಂದು ಸೆಕೆಂಡ್. ಡ್ರಮ್ಮು ಕಾಣುತ್ತೆ, ರಬ್ಬರ್ ಪಟ್ಟಿ ಕಾಣುತ್ತೆ, ಜಾಲರಿಯ ಒಂದು ಅಂಚು ಕಾಣುತ್ತೆ. ಸ್ಪ್ರಿಂಗ್? ಅದು ಕೆಳಗಿದೆ, ಕ್ಯಾಮೆರಾ ಮೇಲಿಂದ ಹಿಡಿದಿದೆ. ಹುಡುಗನ ಬೈಟಲ್ಲೂ ಸ್ಪ್ರಿಂಗಿನ ಮಾತಿಲ್ಲ. ಅವನ ಲೆಕ್ಕದಲ್ಲಿ ಅದು ಹೇಳೋ ವಿಷಯವೇ ಆಗಿರಲಿಲ್ಲ. ಯಂತ್ರ ಇನ್ನೂ ಯಾರಿಗೂ ಮಾರಿರಲಿಲ್ಲ. 'ತಮ್ಮಾ, ಬಚಾವಾದಿ' ಅಂದ್ರು ಮೇಡಂ. ಹೊರಗಿನ ಆಕಾರ ಎಲ್ಲರೂ ನೋಡಿಯಾಗಿದೆ, ಅದಕ್ಕೆ ಡಿಸೈನ್ ನೋಂದಣಿ ಆಸೆ ಬಿಡಬೇಕು. ಸ್ಪ್ರಿಂಗ್ ಮೇಲೆ ಕೂತ ಜಾಲರಿಗೆ ಮಾತ್ರ ಚೆಕ್ಕುಬಂದಿ ಬರೆದು ತಾತ್ಕಾಲಿಕ ಅರ್ಜಿ ಹಾಕಿದ್ರು. ಅದು ಒಂಥರಾ ಅಗ್ರಿಮೆಂಟ್ ಇದ್ದ ಹಾಗೆ. ದಿನಾಂಕ ಹಿಡಿದಿಡುತ್ತೆ, ಹನ್ನೆರಡು ತಿಂಗಳೊಳಗೆ ಪೂರ್ಣ ವಿವರ ಕೊಡಬೇಕು. ಫಲಿತಾಂಶ ಏನಾಗುತ್ತೋ ಪರೀಕ್ಷಕರ ವರದಿ ಬಂದಾಗಲೇ ಗೊತ್ತು.

ಅಂದಿನಿಂದ ನಮ್ಮ ಡೆಸ್ಕಲ್ಲಿ ಒಂದು ನಿಯಮ ಮಾಡಿದ್ದೀನಿ. ಯಾವ ಜಿಲ್ಲೆಯಿಂದಲೇ ಆಗಲಿ ಇಂಥ ಸ್ಟೋರಿ ಬಂದ್ರೆ ವರದಿಗಾರ ಮೊದಲು ಕೇಳಬೇಕು, 'ಅರ್ಜಿ ಹಾಕಿದ್ದೀರಾ?' ಇಲ್ಲ ಅಂದ್ರೆ ಸ್ಟೋರಿ ನಿಲ್ಲಬೇಕು. ಇದರಿಂದ ಎರಡು ಒಳ್ಳೇ ಸ್ಟೋರಿ ಬೇರೆ ಚಾನೆಲ್‌ಗೆ ಹೋದವು ಅಂತ ನಮ್ಮ ಹುಡುಗರು ಗೊಣಗಿದ್ದಾರೆ.

ಕಳೆದ ತಿಂಗಳು ಅವನೇ ಮತ್ತೆ ಫೋನ್ ಮಾಡಿದ. 'ಸಾರ್, ಈಗ ಅರ್ಜಿ ಹಾಕೀವಲ್ಲ, ಇನ್ನೊಂದ್ಸಲ ಬರ್ರಿ. ಸ್ಪ್ರಿಂಗ್ ತೆಗೆದು ಬ್ಯಾರೇದು ಹಾಕೀನಿ, ಭಾಳ ಚಲೋ ಓಡತೈತಿ, ತೋರಿಸ್ತೀನಿ' ಅಂದ. ಆ ಬೇರೇದು ಅರ್ಜಿಯಲ್ಲಿ ಇದೆಯಾ ಅಂತ ಕೇಳಿದೆ. ಇರಲಿಲ್ಲ. ಮೊದಲು ಮೇಡಂಗೆ ಫೋನ್ ಮಾಡು, ಮುಚ್ಚಳ ಹಾಕೇ ಇಡು ಅಂದೆ.